ಮಗಳಿಗೆ ‘ಜನಾಯಿನಾ’ ಎಂದು ಹೆಸರಿಟ್ಟರೆ ದೇವತೆಗೆ ಒಪ್ಪಿಸಿದಂತಾಗುತ್ತದೆಯೇ?

ಪ್ರಶ್ನೆ (ಮಲೆನಾಡಿನವಳು):
ನನ್ನ ಪತಿ ಬ್ರೆಜಿಲ್‌ನ ಸಾಲ್ವಡೋರ್ ನಗರದವರು. ಅವರ ತಾಯಿ, ಆಫ್ರಿಕ ಮೂಲದ ದೇವತೆಗಳನ್ನು ಆರಾಧಿಸುವ ಕಾಂದೊಂಬ್ಲೆ ಸಂಪ್ರದಾಯವನ್ನು ನಡೆಸಿಕೊಂಡು ಬಂದವರು. ನಮಗೆ ಹುಟ್ಟಿರುವ ಮಗಳಿಗೆ, ಕಡಲ ತಾಯಿ ಯೆಮಾಂಜಾಳ ಹೆಸರುಗಳಲ್ಲೊಂದಾದ ಜನಾಯಿನಾ ಎಂದು ಹೆಸರಿಡೋಣವೆಂಬುದು ಅತ್ತೆಯವರ ಆಸೆ. ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೂ ಹೆಸರು ಹಿಡಿಸಿದೆ. ಆದರೆ ಮಗುವನ್ನು ಆ ದೇವತೆಗೆ ಒಪ್ಪಿಸಿದಂತಾಗಿ, ಮುಂದೆ ನೇಮನಿಷ್ಠೆಗಳನ್ನು ನಡೆಸಲೇಬೇಕಾದೀತೇನೋ ಎಂಬ ಅಳುಕು ಅವರಿಗಿದೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಕಡಲತಡಿ):
ಅಂಥ ಕಟ್ಟುಪಾಡು ಯಾವುದೂ ಇಲ್ಲ, ನಿಮ್ಮ ಅಮ್ಮನವರಿಗೆ ಧೈರ್ಯವಾಗಿ ಹೇಳಿ. ಬ್ರೆಜಿಲ್‌ನಲ್ಲಿ ಜನಾಯಿನಾ ಎಲ್ಲರ ಬಾಯಲ್ಲೂ ಇರುವ ಹೆಸರು. ಕಾಂದೊಂಬ್ಲೆಯ ಹೊಸ್ತಿಲು ತುಳಿಯದ ಕ್ಯಾಥೊಲಿಕ್ ಕುಟುಂಬಗಳೂ ಹೆಣ್ಣುಮಕ್ಕಳಿಗೆ ಅದನ್ನು ಇಡುತ್ತವೆ.

ಕಟ್ಟುಪಾಡು ಬರುವುದು ದೀಕ್ಷೆಯಿಂದ. ಕಾಂದೊಂಬ್ಲೆಯ ಶಾಖೆಗಳಲ್ಲೊಂದಾದ ಕೇತು ಪರಂಪರೆಯಲ್ಲಿ ‘ಒರುಂಕೊ’ ಎನ್ನುವ ದೀಕ್ಷಾನಾಮವನ್ನು ತಂದೆತಾಯಿ ಆರಿಸುವಂತಿಲ್ಲ. ದಿನಗಟ್ಟಲೆ ಒಳಗೇ ಇದ್ದ ಹೊಸ ದೀಕ್ಷಿತರು ಸಭೆಗೆ ಬರುವ ದಿನ, ಅವರ ಮೈಮೇಲೆ ಬಂದ ಒರಿಷಾವನ್ನು, ಅಂದರೆ ದೇವತೆಯನ್ನು, ಗೌರವಾನ್ವಿತರೊಬ್ಬರು ಹೆಸರು ಹೇಳುವಂತೆ ಕೇಳುತ್ತಾರೆ. ಮೊದಲು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಬಂದ ಉತ್ತರ, ಮೂರನೆಯ ಬಾರಿ ನೆರೆದವರೆಲ್ಲರಿಗೂ ಕೇಳುವಂತೆ ಕೂಗಾಗಿ ಬರುತ್ತದೆ; ಕೂಡಲೇ ವಾದ್ಯಗಳು ಮೊಳಗುತ್ತವೆ. ನಿಮ್ಮ ಪತಿಯ ಊರಿನ ಇಲೆ ಆಶೆ ಒಪೊ ಅಫೊಂಜಾ ಕ್ಷೇತ್ರದ ಹಿರಿಯೆಯಾಗಿದ್ದ ಮಾಯಿ ಸ್ಟೆಲ್ಲಾ (1925–2018) ಸರ್ಕಾರಿ ದಾಖಲೆಯಲ್ಲಿ ಮರಿಯಾ ಸ್ಟೆಲ್ಲಾ ಆಗಿದ್ದರು. ದೀಕ್ಷೆಯಲ್ಲಿ ಬಂದ ಹೆಸರು ಓದೇ ಕಾಯೊದೇ.

1888ರವರೆಗೂ ಗುಲಾಮಗಿರಿ ನಡೆದ ಆ ನಾಡಿನಲ್ಲಿ, ಆಫ್ರಿಕದಿಂದ ಹಿಡಿದು ತಂದವರಿಗೆ ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತ ಹೆಸರುಗಳನ್ನೇ ಇಡುತ್ತಿದ್ದರು. ಹಾಗಿರುವಾಗ ಯೆಮಾಂಜಾಳ ಹೆಸರೊಂದು ಮೊಮ್ಮಗಳ ಜನನ ಪತ್ರದಲ್ಲಿ ಬರಲಿ ಎಂದು ಅಜ್ಜಿ ಬಯಸುವುದು ಸಣ್ಣ ಮಾತಲ್ಲ ಎಂದು ನನಗನಿಸುತ್ತದೆ.

ಉತ್ತರ (ಗ್ರಂಥಪಾಲಕ):
ಕ್ಯೂಬಾದ ರೂಢಿಯೂ ನಿಮ್ಮ ಅಮ್ಮನವರ ಅಳುಕನ್ನು ಕಡಿಮೆ ಮಾಡಬಹುದು. ಅಲ್ಲಿ ಯೆಮಾಯಾ ಎಂದು ಕರೆಯುವ ಇದೇ ದೇವತೆಯನ್ನು ಹವಾನಾ ಬಳಿಯ ರೆಗ್ಲಾ ಊರಿನ ಮೇರಿ ಮಾತೆಯಲ್ಲಿ ಕಂಡು, ಸೆಪ್ಟೆಂಬರ್ 7ರಂದು ಹಬ್ಬ ಮಾಡುತ್ತಾರೆ. ಮರುದಿನ ಓಚುನ್ ದೇವತೆಯೊಂದಿಗೆ ಬೆಸೆದುಕೊಂಡ ಕರಿದಾದ್ ಮಾತೆಯ ಹಬ್ಬ. ರೆಗ್ಲಾ, ಕರಿದಾದ್ ಎರಡೂ ಹೆಣ್ಣುಮಕ್ಕಳ ಹೆಸರುಗಳು. ಚಾಂಗೊ ದೇವರಿಗೆ ಹೊಂದಿಸಿದ ಸಂತ ಬಾರ್ಬರಾಳ ಹೆಸರನ್ನು ಬಾರ್ಬರೊ ಎಂದು ಗಂಡುಮಕ್ಕಳಿಗೂ ಇಡುತ್ತಾರೆ. ಇಂಥ ಹೆಸರು ಹೊತ್ತವರೆಲ್ಲರೂ ದೀಕ್ಷಿತರಲ್ಲ. ದೀಕ್ಷೆ ಪಡೆದವರನ್ನಾದರೋ ಒಂದು ವರ್ಷ ಹೆಸರು ಹಿಡಿದು ಕರೆಯದೆ, ‘ಇಯಾವೊ’ ಎಂದೇ ಕರೆಯುತ್ತಾರೆ.

ಒಂದು ಮಾತನ್ನು ಮಾತ್ರ ಅತ್ತೆಯವರಲ್ಲೇ ಕೇಳಿಕೊಳ್ಳಿ: ಹೆರಿಗೆ ಸುಸೂತ್ರವಾಗಲೆಂದು ಅವರು ಹರಕೆಯೇನಾದರೂ ಹೊತ್ತಿದ್ದರೇ? ಹೊತ್ತಿದ್ದರೆ ತೀರಿಸಬೇಕಾದವರು ಅವರು, ಮಗುವಲ್ಲ. ಆದರೂ ಎರಡೂ ಮನೆಯವರಿಗೆ ಅದು ಮೊದಲೇ ತಿಳಿದಿರುವುದು ಒಳ್ಳೆಯದು.

ಮಲೆನಾಡಿನವಳು:
ಇಬ್ಬರಿಗೂ ಧನ್ಯವಾದಗಳು. ಅತ್ತೆಯವರನ್ನು ಕೇಳಿದೆ, ಹರಕೆಯೇನೂ ಇಲ್ಲವಂತೆ, ಅವರ ಬಳಗದಲ್ಲಿ ಆಗಲೇ ಇಬ್ಬರು ಜನಾಯಿನಾಗಳಿದ್ದಾರಂತೆ. ನೋಂದಣಿಗೆ ಆ ಹೆಸರನ್ನೇ ಕೊಡುತ್ತಿದ್ದೇವೆ. ತೊಟ್ಟಿಲ ಶಾಸ್ತ್ರದ ದಿನ ಅಮ್ಮ ತಾವು ಆರಿಸಿದ ತುಂಗಾ ಎಂಬ ಹೆಸರನ್ನೂ ಮಗುವಿನ ಕಿವಿಯಲ್ಲಿ ಹೇಳುತ್ತಾರೆ.