ಉತ್ಖನನ ಅಂದ್ರೆ ಟೀವಿಯಲ್ಲಿ ತೋರಿಸುವ ಹಾಗೇನಾ? ಪುರಾತತ್ವಜ್ಞರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಸರ್ವೆ, ಉತ್ಖನನ ಅಂತ ಓಡಾಡುವವಳು ನಾನು. ಧಾರಾವಾಹಿಗಳಲ್ಲಿ ಬರುವ ಪುರಾತತ್ವಜ್ಞರ ಬಗ್ಗೆ ಗುಂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಪ್ರಶ್ನೆ ಹಾಕಿ, ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ (ಗಂಗಾವತಿ): ಮೇಡಂ, ಧಾರಾವಾಹಿಯಲ್ಲಿ ಪುರಾತತ್ವದವರು ಹಳೇ ಗುಡಿಗೆ ಬರ್ತಾರೆ, ಗೋಡೆ ಮೇಲಿನ ಶಾಸನ ಓದ್ತಾರೆ, ನೆಲ ಅಗೀತಾರೆ, ಪೆಟ್ಟಿಗೆ ಸಿಗುತ್ತೆ. ಎಲ್ಲ ಒಂದೇ ಎಪಿಸೋಡಿನಲ್ಲಿ. ನಿಜವಾಗಿ ಹೀಗೇ ಇರುತ್ತಾ?

ಉತ್ತರ: ಇಲ್ಲಮ್ಮ. ಶಾಸನ ಓದುವವರೇ ಬೇರೆ, ಅಗೆಯುವವರೇ ಬೇರೆ. ಎರಡೂ ಬಲ್ಲವರು ಕಡಿಮೆ. ಶಾಸನವನ್ನು ಟಾರ್ಚ್ ಹಿಡಿದು ಸರಸರ ಓದಲು ಆಗುವುದಿಲ್ಲ. ಮೊದಲು ಕಲ್ಲು ತೊಳೆಯಬೇಕು. ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು ಬಡಿದು ಅಕ್ಷರದ ಸಂದಿಗೆ ಕೂರಿಸಬೇಕು. ಆಮೇಲೆ ಮಸಿ ಒತ್ತಿದರೆ ಕಪ್ಪು ಹಾಳೆಯಲ್ಲಿ ಅಕ್ಷರ ಬೆಳ್ಳಗೆ ಕಾಣುತ್ತದೆ. ಓದುವ ಕೆಲಸ ಶುರುವಾಗುವುದೇ ಅಲ್ಲಿಂದ.

ನಮ್ಮ ಮಸ್ಕಿಯನ್ನೇ ನೋಡಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಬಂಡೆ ಮೇಲಿನ ಬರಹವನ್ನು ಬೆಳಕಿಗೆ ತಂದರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಆ ರಾಜನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ಬಿರುದಿನ ರಾಜ ಅಶೋಕನೇ ಇರಬೇಕು ಅಂತ ವಿದ್ವಾಂಸರು 1837ರ ಹೊತ್ತಿಗೇ ಹೇಳಿದ್ದರು. ಕಲ್ಲಿನ ಮೇಲೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ರಾಯಚೂರು ಜಿಲ್ಲೆಯಲ್ಲಿ. ಆ ಶಾಸನಗಳ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಬಿಡಿಸಿದ್ದರಿಂದ ಹಿಡಿದು ಅಲ್ಲಿಗೆ ಮುಟ್ಟಲು ಎಪ್ಪತ್ತೆಂಟು ವರ್ಷ ಬೇಕಾಯಿತು.

ಇನ್ನು ಅಗೆಯುವುದು. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಲೈಸೆನ್ಸ್ ಇಲ್ಲದೆ ವಿಶ್ವವಿದ್ಯಾಲಯದವರೂ ಗುದ್ದಲಿ ಹಾಕುವಂತಿಲ್ಲ.

ಪ್ರಶ್ನೆ (ಸಿರುಗುಪ್ಪ): ಅಕ್ಕಾ, ಬ್ರಷ್ ಹಿಡಿದು ಮಣ್ಣು ಸರಿಸೋದು ಮಾತ್ರ ಟೀವಿಯಲ್ಲಿ ಕಾಣುತ್ತೆ. ಉಳಿದದ್ದು ಏನಿರುತ್ತೆ?

ಉತ್ತರ: ಬ್ರಷ್ ಸ್ವಲ್ಪ, ಕರಣೆ ಜಾಸ್ತಿ, ಪೆನ್ಸಿಲ್ಲು ಎಲ್ಲಕ್ಕಿಂತ ಜಾಸ್ತಿ. ಮೊದಲು ಜಾಗವನ್ನು ದಾರ ಕಟ್ಟಿ ಚೌಕಗಳಾಗಿ ಮಾಡುತ್ತೇವೆ. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಮಣ್ಣಿನ ಗೋಡೆ ಬಿಡುತ್ತೇವೆ. ಆ ಗೋಡೆಯಲ್ಲೇ ಪದರಗಳು ಕಾಣುವುದು. ಮಣ್ಣಿನ ಬಣ್ಣ ಬದಲಾಯಿತಾ, ಮೆತ್ತಗಾಯಿತಾ, ಬೂದಿ ಬಂತಾ ಅಂತ ನೋಡಿ ನೋಡಿ ಗೆರೆ ಎಳೆಯುತ್ತೇವೆ. ಸಿಕ್ಕ ಪ್ರತಿ ಗಡಿಗೆ ಚೂರೂ ಚೀಲಕ್ಕೆ ಹೋಗುತ್ತದೆ. ಚೀಲದ ಚೀಟಿ ಮೇಲೆ ಟ್ರೆಂಚ್ (ಅಗೆದ ಗುಂಡಿ) ನಂಬರು, ಪದರ, ಆಳ, ತಾರೀಕು. ಚೀಟಿ ಕಳೆದುಹೋದರೆ ಆ ಚೂರು ಯಾವ ಕಾಲದ ಮಾತನ್ನೂ ಹೇಳುವುದಿಲ್ಲ.

ಧಾರಾವಾಹಿ ನೋಡುವಾಗ ನನಗೆ ಜಾಸ್ತಿ ನೋವಾಗುವುದು ಇಲ್ಲೇ. ನಾಯಕ ಮಣ್ಣಿನಿಂದ ಮೂರ್ತಿಯನ್ನು ಎಳೆದು ಎತ್ತಿ ಹಿಡಿಯುತ್ತಾನೆ, ಹಿಂದೆ ಸಂಗೀತ. ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಮಲಗಿತ್ತಾ ನಿಂತಿತ್ತಾ, ಯಾರೂ ಬರೆದುಕೊಳ್ಳುವುದಿಲ್ಲ. ನಮಗೆ ಬೇಕಾದದ್ದೇ ಅದು. ವಸ್ತು ಮ್ಯೂಸಿಯಂನಲ್ಲಿ ಉಳಿಯಬಹುದು. ಅದು ಕೂತಿದ್ದ ಜಾಗ ಒಮ್ಮೆ ಕೆದಕಿದರೆ ಮತ್ತೆ ಬರುವುದಿಲ್ಲ.

ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸಿಕ್ಕ ದೊಡ್ಡ ಸಂಪತ್ತು ಯಾವುದು ಗೊತ್ತಾ? ಸುಟ್ಟ ಕಾಳುಗಳು. ಅಗೆದ ಮಣ್ಣನ್ನು ನೀರಿಗೆ ಹಾಕಿ ಮೆಲ್ಲಗೆ ಕಲಕಿದರೆ ಮಣ್ಣು ತಳಕ್ಕೆ ಹೋಗುತ್ತದೆ, ಕರಕಾದ ಕಾಳು ಮೇಲೆ ತೇಲುತ್ತದೆ. ಅದನ್ನು ತೆಳು ಜಾಲರಿಗೆ ಸುರಿದು ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾಗೆ ನೋಡಿದಾಗ ಸಿಕ್ಕಿದ್ದು ಹುರಳಿ, ಹೆಸರು, ಕೊರಲೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಆ ಗುಡ್ಡದ ಜನ ಏನು ಉಂಡರು ಅಂತ ಗೊತ್ತಾಗಿದ್ದು ಸಾಸಿವೆಯಷ್ಟು ಸಣ್ಣ ಕಾಳಿನಿಂದ. ಅದೇ ಗುಡ್ಡಸಾಲಿನಲ್ಲಿ ಕರಿಗಲ್ಲು ಒಡೆದು ಕೊಡಲಿ ಮಾಡುತ್ತಿದ್ದ ಜಾಗವಿದೆ. ಬಡಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳೂ ಇವೆ. ಇದನ್ನೆಲ್ಲ ಯಾವ ಧಾರಾವಾಹಿಯವರಾದರೂ ತೋರಿಸಿದರೆ ನಾನೇ ಎಲ್ಲರಿಗೂ ಫೋನ್ ಮಾಡಿ ನೋಡಿ ಅಂತ ಹೇಳುತ್ತೇನೆ.

ಪ್ರಶ್ನೆ (ಕುಡುತಿನಿ): ನಮ್ಮೂರ ಹತ್ತಿರ ಬೂದಿದಿಬ್ಬ ಇದೆ. ರಕ್ಕಸರನ್ನು ಸುಟ್ಟ ಬೂದಿ ಅಂತ ಹಿರಿಯರು ಹೇಳ್ತಾರೆ. ನೀವೇನಂತೀರಿ?

ಉತ್ತರ: ಹಿರಿಯರು ಬೂದಿ ಅಂದಿದ್ದು ಸರಿ. ಹಂಪಿ ಹತ್ತಿರದ ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ದಿಬ್ಬದಲ್ಲಿ ಗಾಜಿನಂತೆ ಕರಗಿ ಗಟ್ಟಿಯಾದ ಉಂಡೆಗಳು ಸಿಗುತ್ತವಲ್ಲ, ಅದನ್ನು ನೋಡಿ ಜ್ವಾಲಾಮುಖಿ ಅಂದವರಿದ್ದಾರೆ, ಕಬ್ಬಿಣ ಕರಗಿಸಿದ ಕುಲುಮೆ ಅಂದವರೂ ಇದ್ದಾರೆ. ಇದು ಸಗಣಿಯ ಬೂದಿ ಅಂತ 19ನೇ ಶತಮಾನದಲ್ಲೇ ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಕೃಷ್ಣೆಯ ಆಚೆ ಉಟ್ನೂರಿನ ದಿಬ್ಬ ಅಗೆದರು. ಅಲ್ಲಿ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಗುಳಿ ಸಿಕ್ಕವು. ಜೊತೆಗೆ ದನಗಳ ಗೊರಸಿನ ಗುರುತು! ದನ ಕೂಡಿದ ದೊಡ್ಡಿಯಲ್ಲಿ ಸಗಣಿ ಪೇರಿಸಿಕೊಂಡು, ಅದಕ್ಕೆ ಬೆಂಕಿ ಬಿದ್ದು, ಮತ್ತೆ ಪೇರಿಸಿಕೊಂಡು ಬೆಳೆದ ದಿಬ್ಬಗಳು ಇವು. ದಯವಿಟ್ಟು ಗೊಬ್ಬರಕ್ಕೆ ಅಂತ ಆ ಬೂದಿ ಹೇರಬೇಡಿ. ಹಾಗೆ ಕರಗಿಹೋದ ದಿಬ್ಬಗಳು ಈಗಾಗಲೇ ಬೇಕಾದಷ್ಟಿವೆ.

ಪ್ರಶ್ನೆ (ಹೊಸಪೇಟೆ): ವಿಗ್ರಹದ ಕಾರ್ಬನ್ ಡೇಟಿಂಗ್ ಮಾಡಿ ಸಂಜೆಗೇ ವಯಸ್ಸು ಹೇಳ್ತಾರಲ್ಲ?

ಉತ್ತರ: ಕಲ್ಲಿಗೆ, ಚಿನ್ನಕ್ಕೆ ಕಾರ್ಬನ್ ಡೇಟಿಂಗ್ ಆಗುವುದಿಲ್ಲ. ಇದ್ದಿಲು, ಕಾಳು, ಮೂಳೆಯಂಥ ಒಮ್ಮೆ ಜೀವವಿದ್ದ ವಸ್ತು ಬೇಕು. ಅದೂ ಸುಮಾರು 50,000 ವರ್ಷದ ಒಳಗಿನದ್ದು. ಸಂಜೆಗೆ ಉತ್ತರ ಬರುವುದಿಲ್ಲ, ಲ್ಯಾಬಿನಲ್ಲಿ ಸರದಿ ಕಾಯಬೇಕು.

ಪ್ರಶ್ನೆ (ಕೊಪ್ಪಳ): ನಿಧಿ ಕಾಯುವ ಸರ್ಪ, ಶಾಪ, ಇವನ್ನೆಲ್ಲ ನೀವು ನಂಬ್ತೀರಾ ಮೇಡಂ?

ಉತ್ತರ: ಹಾವು ನೋಡಿದ್ದೇನೆ. ಕಲ್ಲಿನ ಸಂದಿಯಲ್ಲಿ ಹಾವು ಇದ್ದೇ ಇರುತ್ತದೆ. ನನಗೆ ಭಯ ಇರುವುದು ನಿಧಿ ಎಂಬ ಮಾತಿನ ಬಗ್ಗೆ. ನಿಮ್ಮ ಜಿಲ್ಲೆಯ ಹಿರೇಬೆಣಕಲ್ ಗುಡ್ಡಕ್ಕೆ ಹೋಗಿ. ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಸಮಾಧಿಗಳಿವೆ. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಜನ ಮೋರೇರ ಮನೆ ಅನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿಯೂ ಚಿನ್ನ ಇದೆ ಅಂತ ಅಗೆದು ಚಪ್ಪಡಿ ಬೀಳಿಸಿದವರಿದ್ದಾರೆ. ಹಳೇ ಗುಡಿ ಅಂದರೆ ಕೆಳಗೆ ಪೆಟ್ಟಿಗೆ ಇರುತ್ತದೆ ಅಂತ ದಿನವೂ ರಾತ್ರಿ ತೋರಿಸಿದರೆ, ಅಮಾವಾಸ್ಯೆಗೆ ಹಾರೆ ಹಿಡಿದು ಹೋಗುವವನಿಗೆ ಇನ್ನಷ್ಟು ಧೈರ್ಯ ಬರುತ್ತದೆ. ವೀರಗಲ್ಲು ಕಿತ್ತು, ಬಸವಣ್ಣನ ಪೀಠ ಒಡೆದು ಬಿಸಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಧಾರಾವಾಹಿ ಬರೆಯುವವರು ಯಾರಾದರೂ ಇಲ್ಲಿದ್ದರೆ ಇದೊಂದನ್ನು ಯೋಚಿಸಿ ಅಂತ ಕೈಮುಗಿದು ಕೇಳುತ್ತೇನೆ.

ಪ್ರಶ್ನೆ (ಸಿಂಧನೂರು): ನನ್ನ ಮಗಳು ಟೀವಿ ನೋಡಿಯೇ ಪುರಾತತ್ವ ಓದ್ತೀನಿ ಅಂತಾಳೆ. ಓದಿಸಬಹುದಾ?

ಉತ್ತರ: ಧಾರಾಳವಾಗಿ ಓದಿಸಿ. ಈ ವಿಷಯಕ್ಕೆ ಧಾರಾವಾಹಿಗಳಿಗೆ ಥ್ಯಾಂಕ್ಸ್ ಹೇಳಲೇಬೇಕು. ಪದವಿ ಮುಗಿಸಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂಎ ಮಾಡಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡ, ಮೈಸೂರು, ಪುಣೆಯ ಡೆಕ್ಕನ್ ಕಾಲೇಜು ಇವೆ. ಸರ್ಕಾರಿ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ತೋರಿಸಿಕೊಂಡು ಬನ್ನಿ. ಅಲ್ಲಿ ಕಲ್ಲಿನ ಕೊಡಲಿಗಳ ಮುಂದೆ ಅರ್ಧ ಗಂಟೆ ನಿಂತರೆ, ಅವಳಿಗೆ ಈ ದಾರಿ ಹಿಡಿಸುತ್ತದೆ.

ಪ್ರಶ್ನೆ (ಲಿಂಗಸುಗೂರು): ಹೊಲ ಉಳುವಾಗ ನೇಗಿಲಿಗೆ ಗಡಿಗೆ ಸಿಕ್ಕಿದೆ ಮೇಡಂ. ಅರ್ಧ ಮಣ್ಣೊಳಗೇ ಇದೆ. ತೆಗೀಲಾ?

ಉತ್ತರ: ತೆಗೆಯಬೇಡಿ ಅಣ್ಣಾ. ಉಳುಮೆ ಅಲ್ಲಿಗೆ ನಿಲ್ಲಿಸಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ಫೋಟೋ ತೆಗೆಯಿರಿ, ಮೊಬೈಲಿನಲ್ಲಿ ಲೊಕೇಶನ್ ಸೇವ್ ಮಾಡಿ. ಆಮೇಲೆ ತಹಶೀಲ್ದಾರ್ ಕಚೇರಿಗೆ ತಿಳಿಸಿ, ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ನಾಣ್ಯ, ಒಡವೆ ಇದ್ದರಂತೂ ಸರ್ಕಾರಕ್ಕೆ ಹೇಳಲೇಬೇಕು, ರಾಜ್ಯದಲ್ಲಿ ನಿಧಿಗೆ 1962ರ ಕಾಯ್ದೆ ಇದೆ. ಗಡಿಗೆ ಒಳಗಿನ ಮಣ್ಣನ್ನು ಮಾತ್ರ ಸುರಿಯಬೇಡಿ. ಕಾಳೋ ಮೂಳೆಯೋ ಇದ್ದರೆ ಅದರಲ್ಲೇ ಇರುತ್ತದೆ. ಇವತ್ತು ರಾತ್ರಿ ಮಳೆ ಬರುವ ಹಾಗಿದ್ದರೆ ಮೇಲೆ ತಾಡಪಾಲು ಹೊದಿಸಿ, ಸುತ್ತ ಕಲ್ಲು ಇಟ್ಟುಬಿಡಿ. ಫೋಟೋ ಇಲ್ಲಿಗೇ ಹಾಕಿ, ನೋಡುತ್ತೇನೆ.