ಮುಳುಗುವ ಟ್ರಾವೆಲ್ ಕಂಪನಿಗೆ ನಮ್ಮ ತೆರಿಗೆ ದುಡ್ಡು ಯಾಕೆ?

ದೊಡ್ಡಪ್ಪ (ಫಾರ್ವರ್ಡ್): ಲಾಭ ಬಂದಾಗ ನಮಗೆ ಹಂಚದ ಟ್ರಾವೆಲ್ ಕಂಪನಿಗಳು ನಷ್ಟ ಬಂದಾಗ ಸರ್ಕಾರದ ಬಾಗಿಲು ಯಾಕೆ ತಟ್ಟುತ್ತವೆ? ಒಪ್ಪುವುದಾದರೆ ಹತ್ತು ಗುಂಪುಗಳಿಗೆ ಕಳಿಸಿ.

ದೊಡ್ಡಪ್ಪ: ಸರಿಯಾಗಿ ಬರೆದಿದ್ದಾನೆ. ಪ್ರವಾಸ ಏನು ಔಷಧಿಯಾ? ದುಡ್ಡಿದ್ದರೆ ಹೋಗುವುದು, ಇಲ್ಲದಿದ್ದರೆ ಮನೆಯಲ್ಲಿರುವುದು. ಕಂಪನಿ ಮುಚ್ಚಿದರೆ ಮುಚ್ಚಲಿ.

ತಂಗಿ: ಮುಚ್ಚಿದರೂ ಸರ್ಕಾರಕ್ಕೆ ಖರ್ಚು ತಪ್ಪಲ್ಲ ದೊಡ್ಡಪ್ಪ. ಬ್ರಿಟನ್ನಿನ ಟ್ರಾವೆಲ್ ಕಂಪನಿ ಥಾಮಸ್ ಕುಕ್ ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಹತ್ತಿರ ಸುಮಾರು 15 ಕೋಟಿ ಪೌಂಡ್ ಕೇಳಿತು. ಕೊಡಲ್ಲ ಅಂದರು, ಕಂಪನಿ ಬಿತ್ತು. ಆಗ ಹೊರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಜನರನ್ನು ವಾಪಸ್ ಕರೆತರಬೇಕಾಯಿತು. ಅದು, ನೌಕರರ ಪರಿಹಾರ ಎಲ್ಲ ಸೇರಿ ಕಡಿಮೆ ಅಂದರೂ 15.6 ಕೋಟಿ ಪೌಂಡ್ ಅಂತ ಅಲ್ಲಿನ ಸರ್ಕಾರಿ ಆಡಿಟ್ ಹೇಳಿತು. ಕೇಳಿದ್ದಕ್ಕಿಂತ ಜಾಸ್ತಿ!

ದೊಡ್ಡಪ್ಪ: ಕೊಟ್ಟಿದ್ದರೆ ಉಳಿಯುತ್ತಿತ್ತಾ? ಅದರ ತಲೆ ಮೇಲೆ 150 ಕೋಟಿ ಪೌಂಡಿಗೂ ಮೀರಿದ ಸಾಲ ಇತ್ತು. ಆರು ತಿಂಗಳಲ್ಲಿ ಕೊರೋನಾ ಬಂತು. ಎರಡೆರಡು ಸಲ ಸುರಿಯಬೇಕಾಗುತ್ತಿತ್ತು.

ನಾನು: ಇದನ್ನು ಒಪ್ಪುತ್ತೇನೆ. ಮೊದಲೇ ಸಾಲದಲ್ಲಿ ಮುಳುಗಿದ್ದವರಿಗೂ, ಚೆನ್ನಾಗಿ ನಡೆಸುತ್ತಿದ್ದು ಒಂದೇ ವಾರದಲ್ಲಿ ಬುಕಿಂಗ್ ಎಲ್ಲ ಕಳೆದುಕೊಂಡವರಿಗೂ ಒಂದೇ ಅಳತೆಗೋಲು ಇಟ್ಟರೆ ತಪ್ಪು. ಫಾರ್ವರ್ಡ್ ಬರೆದವನು ಇಬ್ಬರನ್ನೂ ಒಂದೇ ಮೂಟೆಗೆ ಕಟ್ಟಿದ್ದಾನೆ.

ಅತ್ತೆ: ಭಾವನನ್ನು ಕೇಳಿ. ಅವರ ಕಸುಬು ಅದೇ ಅಲ್ವಾ. ಬರೀ ಬ್ಲೂ ಟಿಕ್ ಕಾಣಿಸ್ತಿದೆ.

ಭಾವ: ಓದುತ್ತಿದ್ದೆ. ಒಂದು ಟೂರ್ ಫೈಲ್ ಹೇಗಿರುತ್ತದೆ ಹೇಳುತ್ತೇನೆ. ಗ್ರಾಹಕ ಪೂರ್ತಿ ದುಡ್ಡು ಕಟ್ಟಿರುತ್ತಾನೆ. ಅದರಲ್ಲಿ ದೊಡ್ಡ ಭಾಗ ಅವತ್ತೇ ಏರ್‌ಲೈನಿಗೆ ಹೋಗಿರುತ್ತದೆ. ಹೋಟೆಲಿಗೆ ಅರ್ಧ ಅಡ್ವಾನ್ಸ್. ವೀಸಾ ಫೀ ಕಟ್ಟಿದ ಮೇಲೆ ವಾಪಸ್ ಬರುವ ಮಾತೇ ಇಲ್ಲ. ನಮ್ಮ ಕೈಯಲ್ಲಿ ಉಳಿಯುವುದು ಸಣ್ಣ ಕಮಿಷನ್. 2020ರಲ್ಲಿ ಎಲ್ಲ ಟೂರೂ ಒಟ್ಟಿಗೆ ರದ್ದಾದವು. ಏರ್‌ಲೈನ್ ರೀಫಂಡ್ ಬದಲು ಕ್ರೆಡಿಟ್ ಶೆಲ್ ಕೊಟ್ಟಿತು. ಅಂದರೆ ಮುಂದೆ ಯಾವಾಗಲೋ ಟಿಕೆಟ್ ತಗೊಳ್ಳಿ ಅಂತ. ಗ್ರಾಹಕನಿಗೆ ಮಾತ್ರ ಇವತ್ತೇ ನಗದು ಬೇಕು. ಅವನು ಕೇಳುವುದರಲ್ಲಿ ತಪ್ಪೂ ಇಲ್ಲ. ಫೋನ್ ಎತ್ತಿ ಏನು ಹೇಳಲಿ?

ಅತ್ತೆ: ಅಯ್ಯೋ. ಸುಪ್ರೀಂ ಕೋರ್ಟ್ ಏನೋ ಹೇಳಿತ್ತಲ್ಲ?

ಭಾವ: ರದ್ದಾದ ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತ 2020ರ ಅಕ್ಟೋಬರ್ 1ಕ್ಕೆ ಆದೇಶ ಬಂತು. ಅಷ್ಟರಲ್ಲಿ ಆರು ತಿಂಗಳ ಬಾಡಿಗೆ, ಸಂಬಳ ಕೈಯಿಂದ ಹೋಗಿತ್ತು.

ದೊಡ್ಡಪ್ಪ: ಸರ್ಕಾರ ಸಾಲ ಕೊಟ್ಟಿತಲ್ಲಪ್ಪ. ಪೇಪರ್‌ನಲ್ಲೇ ಓದಿದ್ದೆ.

ಭಾವ: 2021ರ ಜೂನ್‌ನಲ್ಲಿ ಘೋಷಿಸಿದರು. ಏಜೆನ್ಸಿಗೆ 10 ಲಕ್ಷದವರೆಗೆ, ಗೈಡ್‌ಗಳಿಗೆ 1 ಲಕ್ಷದವರೆಗೆ, ಪೂರ್ತಿ ಗ್ಯಾರಂಟಿ ಸರ್ಕಾರದ್ದು. ಆದರೆ ಘೋಷಣೆಯಲ್ಲಿದ್ದ ಲೆಕ್ಕ 10,700 ಗೈಡ್‌ಗಳು, ಸುಮಾರು 1,000 ಏಜೆನ್ಸಿಗಳು. ಮಾನ್ಯತೆ ಪತ್ರ ಇದ್ದವರು ಮಾತ್ರ. ಇಷ್ಟು ದೊಡ್ಡ ದೇಶಕ್ಕೆ ಸಾವಿರ ಏಜೆನ್ಸಿ!

ನಾನು: ಪತ್ರ ಇದ್ದರೂ ಅದು ಸಾಲವೇ ತಾನೆ? ಆದಾಯ ಸೊನ್ನೆ ಇರುವಾಗ ಸಾಲ ಕೊಟ್ಟರೆ ಕಂತಿನ ತಾರೀಕು ಮುಂದೆ ಹೋಗುತ್ತದೆ ಅಷ್ಟೇ. ನನ್ನ ಪ್ರಕಾರ ದುಡ್ಡು ಮಾಲೀಕನ ಖಾತೆಗೆ ಹೋಗಬಾರದು. ಎರಡೇ ಕಡೆ ಹೋಗಬೇಕು. ಒಂದು, ಗ್ರಾಹಕರಿಗೆ ಬರಬೇಕಾದ ರೀಫಂಡ್. ಇನ್ನೊಂದು, ನೌಕರರ ಸಂಬಳ.

ತಂಗಿ: ಜಪಾನ್ ಥರ ಮಾಡಿದರೆ? 2020ರ ಜುಲೈನಲ್ಲಿ ಪ್ರವಾಸ ಹೋಗುವವರಿಗೆ ಅರ್ಧದಷ್ಟು ಖರ್ಚು ಸರ್ಕಾರವೇ ಕೊಟ್ಟಿತ್ತು.

ನಾನು: ಅದು ನನಗೆ ಹಿಡಿಸಲಿಲ್ಲ. ಒಬ್ಬರಿಗೆ ರಾತ್ರಿಗೆ 20,000 ಯೆನ್‌ವರೆಗೆ ನೆರವು. ಅಂದರೆ ದುಬಾರಿ ಕೋಣೆ ಹಿಡಿದವನಿಗೇ ಜಾಸ್ತಿ. ಸೋಂಕು ಏರಿತು ಅಂತ ಡಿಸೆಂಬರ್‌ನಲ್ಲಿ ಅದನ್ನೂ ನಿಲ್ಲಿಸಿದರು.

ದೊಡ್ಡಪ್ಪ: ಸರಿ, ಸಂಬಳಕ್ಕೆ ಕೊಡಿ. ಆದರೆ ಸುಮ್ನೆ ದಾನ ಮಾಡಬಾರದು. ಕೊಟ್ಟವರಿಗೆ ಪಾಲು ಬೇಕು.

ತಂಗಿ: ಜರ್ಮನಿ ಹಾಗೇ ಮಾಡಿತು. 2020ರಲ್ಲಿ ಅಲ್ಲಿನ ವಿಮಾನ ಕಂಪನಿ ಲುಫ್ತಾನ್ಸಾಗೆ 900 ಕೋಟಿ ಯೂರೋ ನೆರವಿನ ಪ್ಯಾಕೇಜ್. ಜೊತೆಗೆ ಸುಮಾರು 30 ಕೋಟಿ ಯೂರೋಗೆ 20% ಷೇರು ತಗೊಂಡರು, ಷೇರುದಾರರಿಗೆ ಲಾಭ ಹಂಚುವುದನ್ನು (ಡಿವಿಡೆಂಡ್) ನಿಲ್ಲಿಸಿದರು. 2022ರಲ್ಲಿ ಷೇರು ಮಾರಿ 76 ಕೋಟಿ ಯೂರೋ ಲಾಭ.

ದೊಡ್ಡಪ್ಪ: ನೋಡಿದೆಯಾ! ಇದನ್ನೇ ನಾನು ಹೇಳಿದ್ದು.

ತಂಗಿ: ನೀವು ಮುಚ್ಚಲಿ ಅಂದಿದ್ದು 😀

ಭಾವ: ಲುಫ್ತಾನ್ಸಾಗೆ ಷೇರು ಇದೆ. ನಮ್ಮಂಥ ಎರಡು ಮೇಜಿನ ಆಫೀಸಿನಲ್ಲಿ ಸರ್ಕಾರ ಏನು ಪಾಲು ತಗೊಳ್ಳುತ್ತದೆ, ಪ್ರಿಂಟರ್ ಅಷ್ಟೇ. ಚಿಕ್ಕವರಿಗೆ ಬೇರೆ ದಾರಿ ಬೇಕು. ಬ್ರಿಟನ್‌ನಲ್ಲಿ ವಿಮಾನ ಸೇರಿದ ಪ್ಯಾಕೇಜ್ ಮಾರಿದರೆ ತಲೆಗೆ 2.50 ಪೌಂಡ್ ಒಂದು ನಿಧಿಗೆ ಕಟ್ಟಬೇಕು. ಕಂಪನಿ ಬಿದ್ದರೆ ಗ್ರಾಹಕರ ದುಡ್ಡು ಅದರಿಂದ ಬರುತ್ತದೆ. ಥಾಮಸ್ ಕುಕ್ ಗ್ರಾಹಕರಿಗೂ ಅಲ್ಲಿಂದಲೇ ಬಂತು. ಇಲ್ಲೂ ಹಾಗೊಂದು ಇದ್ದಿದ್ದರೆ ಕೊನೇ ಪಕ್ಷ ಆ ಫೋನ್‌ಗಳಿಗೆ ಉತ್ತರ ಇರುತ್ತಿತ್ತು.

ದೊಡ್ಡಪ್ಪ: ಆ 2.50 ಪೌಂಡ್ ಯಾರು ಕೊಡುತ್ತಾರೆ, ನೀನಾ ಗ್ರಾಹಕನಾ?

ಭಾವ: ಕಟ್ಟುವುದು ಕಂಪನಿ. ಕೊನೆಗೆ ಟಿಕೆಟ್ ಬೆಲೆಗೇ ಸೇರುತ್ತದೆ. ನಿಮ್ಮ ಮುಂದಿನ ಬುಕಿಂಗ್‌ಗೂ ಸೇರಿಸಲಾ?

ದೊಡ್ಡಪ್ಪ: ಮೊದಲು ನನ್ನ ಸೀನಿಯರ್ ಸಿಟಿಜನ್ ರಿಯಾಯಿತಿ ಹಾಕು, ಆಮೇಲೆ ನೋಡೋಣ.