ಭಾನುವಾರದ ಪ್ರಶ್ನೋತ್ತರ: ಗ್ರಂಥಾಲಯ ಸಿಬ್ಬಂದಿಯ ಆನ್‌ಲೈನ್ ತರಬೇತಿ, ನಿಯಮ ಹೇಗಿರಬೇಕು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಉತ್ತರಿಸಲು ನಮ್ಮ ಮೇಡಂ ಬಂದಿದ್ದಾರೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಪ ಗ್ರಂಥಪಾಲಕಿಯಾಗಿ ನಿವೃತ್ತರಾದವರು, ಅಲ್ಲಿನ ಸಿಬ್ಬಂದಿ ತರಬೇತಿಯ ನಿಯಮಾವಳಿ ಬರೆದವರು. ಆನ್‌ಲೈನ್ ತರಬೇತಿ ಯಾರಿಗೆ, ಯಾವಾಗ, ಯಾರ ಖರ್ಚಿನಲ್ಲಿ ಅನ್ನೋದು ಇವತ್ತಿನ ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ದಾವಣಗೆರೆ, ಪದವಿ ಕಾಲೇಜು: ನಮಸ್ತೆ ಮೇಡಂ. ನಮ್ಮಲ್ಲಿ ನಾಲ್ಕು ಜನ ಸಿಬ್ಬಂದಿ. ಎಲ್ಲರೂ ಒಂದು ತಿಂಗಳೊಳಗೆ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದುಕೊಡಿ, ಮನೇಲಿ ಕೂತು ನೋಡ್ಕೊಳ್ಳಿ ಅಂತ ಪ್ರಾಂಶುಪಾಲರು ಹೇಳಿದ್ದಾರೆ. ಇದು ಸರೀನಾ?

ಮೇಡಂ: ಸರಿಯಲ್ಲ. ಸಂಸ್ಥೆ ಹೇಳಿ ಮಾಡಿಸುವ ತರಬೇತಿಯೂ ಕೆಲಸವೇ, ಅದು ಕೆಲಸದ ವೇಳೆಯಲ್ಲೇ ನಡೀಬೇಕು. ನಾನು ಬರೆದ ನಿಯಮದ ಮೊದಲ ಸಾಲೇ ಇದು. ವಾರಕ್ಕೆ ಎರಡು ಗಂಟೆ ಗೊತ್ತು ಮಾಡಿ. ಹಾಜರಾತಿ ಪುಸ್ತಕದಲ್ಲಿ ‘ತರಬೇತಿ’ ಅಂತಲೇ ಬರೆಯಿರಿ. ಆ ಎರಡು ಗಂಟೆ ಕೌಂಟರಲ್ಲಿ ಯಾರು ಕೂರ್ತಾರೆ ಅನ್ನೋದನ್ನ ಹೆಸರು ಸಮೇತ ಬರೆಯಿರಿ. ಬದಲಿಯವರ ಹೆಸರಿಲ್ಲದ ವೇಳಾಪಟ್ಟಿ ಒಂದು ವಾರವೂ ನಡೆಯಲ್ಲ, ನಾನೇ ನೋಡಿದ್ದೇನೆ. ಒಂದು ಕಿವಿಗೆ ಇಯರ್‌ಫೋನ್, ಒಂದು ಕೈಯಲ್ಲಿ ಸ್ಕ್ಯಾನರ್, ಎದುರಿಗೆ ಹತ್ತು ಮಕ್ಕಳ ಸಾಲು. ಹಾಗೆ ಕೂತವರಿಗೆ ಪಾಠವೂ ತಲೆಗೆ ಹೋಗಲ್ಲ, ಪುಸ್ತಕವೂ ಸರಿಯಾಗಿ ಇಶ್ಯೂ ಆಗಲ್ಲ.

ಮಂಡ್ಯ: ಮೇಡಂ, ವೆಬಿನಾರ್ ಸರ್ಟಿಫಿಕೇಟ್ ಬಡ್ತಿಗೆ ಲೆಕ್ಕಕ್ಕೆ ಬರುತ್ತಾ?

ಮೇಡಂ: ಒಂದು ಗಂಟೆಯ ವೆಬಿನಾರ್ ಬರಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯ 2018ರ ನಿಯಮಾವಳಿ ನೋಡಿ. ಕಾಲೇಜು ಗ್ರಂಥಪಾಲಕರ ಮೊದಲ ಬಡ್ತಿಗೆ 21 ದಿನದ ಓರಿಯೆಂಟೇಷನ್ ಕೋರ್ಸ್ ಬೇಕು. ಅದರ ಜೊತೆಗೆ ಆಟೊಮೇಷನ್, ಡಿಜಿಟಲೀಕರಣದ ಬಗ್ಗೆ ಕನಿಷ್ಠ 5 ದಿನದ ತರಬೇತಿ ಬೇಕು.

ಶಿವಮೊಗ್ಗ: ಮೇಡಂ, ತರಬೇತಿ ಮುಗಿಸಿ ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಕೋರ್ಸ್ ಶುಲ್ಕ ವಾಪಸ್ ಕಟ್ಟಬೇಕು ಅಂತ ಬಾಂಡ್ ಬರೆಸಿಕೊಳ್ತಿದ್ದಾರೆ. ಸಹಿ ಮಾಡಬಹುದಾ?

ಗದಗ: 📌 ಫಾರ್ವರ್ಡ್: ‘ಹತ್ತು ವೆಬಿನಾರ್ ಸರ್ಟಿಫಿಕೇಟ್ ಸೇರಿದರೆ ಒಂದು ರಿಫ್ರೆಶರ್ ಕೋರ್ಸಿಗೆ ಸಮ, ಯುಜಿಸಿ ಹೊಸ ಆದೇಶ. ಎಲ್ಲ ಗ್ರಂಥಪಾಲಕರಿಗೂ ತಲುಪಿಸಿ.’

ಮೇಡಂ: ಅದರಲ್ಲಿ ಆದೇಶದ ಸಂಖ್ಯೆ ಇದೆಯಾ? ತಾರೀಖು ಇದೆಯಾ? ಸಹಿ ಇದೆಯಾ? ಮೂರೂ ಇಲ್ಲ. ಇಂಥದ್ದನ್ನು ನಂಬಿ ಹತ್ತು ಸರ್ಟಿಫಿಕೇಟ್ ಜೋಡಿಸಿಕೊಂಡು ಸಂದರ್ಶನಕ್ಕೆ ಹೋದ ಒಬ್ಬರು ಅಳುತ್ತಾ ನನಗೆ ಫೋನ್ ಮಾಡಿದ್ದರು. ದಯವಿಟ್ಟು ತೆಗೆಯಿರಿ.

ಬೀದರ್, ಗ್ರಂಥಾಲಯ ಸಹಾಯಕ: ಮೇಡಂ, ನನಗೆ ಕಣ್ಣು ಕಾಣಿಸೋದಿಲ್ಲ. ಎನ್‌ವಿಡಿಎ ಅಂತ ಪರದೆ ಓದಿ ಹೇಳೋ ತಂತ್ರಾಂಶ ಹಾಕಿಕೊಂಡು ಕೆಲಸ ಮಾಡ್ತೀನಿ. ತರಬೇತಿ ವಿಡಿಯೊದಾಗ ‘ಇಲ್ಲಿ ಒತ್ತಿ, ಆಮೇಲೆ ಇಲ್ಲಿ ಒತ್ತಿ’ ಅಂತಾರ. ಎಲ್ಲಿ ಅಂತ ನನಗ ತಿಳಿಯೋದಿಲ್ಲ. ಕೊನೀಗೆ ಕ್ವಿಜ್‌ನಾಗ ಚಿತ್ರ ನೋಡಿ ಉತ್ತರ ಹೇಳು ಅಂತದ. ಎರಡು ಸಲ ಫೇಲ್ ಅಂತ ಬಂತು.

ಮೇಡಂ: ಇಲ್ಲಿ ಫೇಲ್ ಆಗಿದ್ದು ನೀವಲ್ಲ, ಆ ಕೋರ್ಸ್. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಿಂದ ಇದೆ. ಕೆಲಸದಲ್ಲಿ ತಾರತಮ್ಯ ಮಾಡಬಾರದು, ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಈ ವಾರವೇ ಮುಖ್ಯಸ್ಥರಿಗೆ ಬರೆದುಕೊಡಿ. ಸ್ಲೈಡುಗಳ ಪಠ್ಯ ಮೊದಲೇ ಬೇಕು, ಪಿಡಿಎಫ್ ಆದರೆ ಸ್ಕ್ಯಾನ್ ಮಾಡಿದ ಚಿತ್ರ ಬೇಡ, ಓದಿಸಿಕೊಳ್ಳುವಂಥ ಪಠ್ಯ ಬೇಕು ಅಂತ ಕೇಳಿ. ಪ್ರತಿ ಹೆಜ್ಜೆಗೂ ಕೀಬೋರ್ಡಿನ ದಾರಿ ಹೇಳಬೇಕು, ಚಿತ್ರದ ಪ್ರಶ್ನೆಗೆ ಬದಲಿ ಪ್ರಶ್ನೆ ಕೊಡಬೇಕು. ಈ ನಾಲ್ಕೇ ಸಾಕು. ಇಲ್ಲಿರುವ ಮುಖ್ಯಸ್ಥರಿಗೂ ಒಂದು ಮಾತು. ಕೋರ್ಸನ್ನು ಕಡ್ಡಾಯ ಮಾಡುವ ಮುಂಚೆ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದ ನೋಡಿಸಿ. ಎನ್‌ವಿಡಿಎ ಉಚಿತ ತಂತ್ರಾಂಶ, ಕನ್ನಡವನ್ನೂ ಓದುತ್ತೆ. ಖರ್ಚಿನ ನೆಪ ಹೇಳಬೇಡಿ.

ಬೀದರ್, ಗ್ರಂಥಾಲಯ ಸಹಾಯಕ: ಭಾಳ ಉಪಕಾರ ಆತು ಮೇಡಂ. ನಾಳೆನೇ ಕೊಡ್ತೀನಿ.

ಮಂಗಳೂರು: ನಾವು ಬುಧವಾರ ಒಂದು ಗಂಟೆ ಬಾಗಿಲು ಹಾಕಿ ಎಲ್ಲರೂ ಒಟ್ಟಿಗೆ ಕೂತು ನೋಡುವುದು. ಬೋರ್ಡು ಹಾಕಿದ್ದೇವೆ. ಯಾರೂ ಏನೂ ಹೇಳಲಿಲ್ಲ.

ಕೋಲಾರ, ಸಾರ್ವಜನಿಕ ಗ್ರಂಥಾಲಯ: ನಿಮ್ಮದು ಕಾಲೇಜು ಸರ್, ನಡೆಯುತ್ತೆ. ನಮ್ಮಲ್ಲಿ ಬಾಗಿಲು ತೆಗೆಯೋ ಮುಂಚೇನೇ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದೋರು ಬ್ಯಾಗ್ ಇಟ್ಟು ಸಾಲು ಹಿಡಿದಿರ್ತಾರೆ. ಒಂದು ಗಂಟೆ ಮುಚ್ಚಿದರೆ ಹಳ್ಳಿಯಿಂದ ಬಸ್ಸಲ್ಲಿ ಬಂದವರು ಎಲ್ಲಿಗೆ ಹೋಗಬೇಕು? ‘ಓದುಗರ ಸಮಯ ಉಳಿಸಿ’ ಅಂತ ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಹೇಳಿದ್ದು ಮರೆತುಹೋಯ್ತಾ?

ಮಂಗಳೂರು: ‘ಗ್ರಂಥಾಲಯ ಬೆಳೆಯುವ ಜೀವಿ’ ಅಂತಲೂ ಅವರೇ ಹೇಳಿದ್ದು ಮಾರಾಯ್ರೆ. ಕಲಿಯದೆ ಬೆಳೆಯುವುದು ಹೇಗೆ?

ಕೋಲಾರ, ಸಾರ್ವಜನಿಕ ಗ್ರಂಥಾಲಯ: ಓದುಗರನ್ನು ಹೊರಗೆ ನಿಲ್ಲಿಸಿ ಬೆಳೆಯೋದಾ?

ಮೇಡಂ: ಇಬ್ಬರೂ ರಂಗನಾಥನ್ ಹೆಸರು ತೆಗೆದಿದ್ದೀರಿ, ಅದಕ್ಕೇ ಹೇಳ್ತೀನಿ. ಮದ್ರಾಸು ವಿಶ್ವವಿದ್ಯಾಲಯ 1924ರಲ್ಲಿ ಅವರನ್ನು ಗ್ರಂಥಪಾಲಕರಾಗಿ ತಗೊಂಡಾಗ ಅವರು ಗಣಿತದ ಮೇಷ್ಟ್ರು. ಕಲಿತು ಬಾ ಅಂತ ವಿಶ್ವವಿದ್ಯಾಲಯವೇ ಅವರನ್ನು ಲಂಡನ್ನಿಗೆ ಕಳಿಸಿತು. ಕ್ರಾಯ್ಡನ್ ಗ್ರಂಥಾಲಯದಲ್ಲಿ ಕೆಲಸ ನೋಡಿ ಕಲಿತರು. ನೀವಿಬ್ಬರೂ ಹೇಳಿದ ಮಾತುಗಳಿರುವ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಕೆಲಸ ಕೊಟ್ಟವರೇ ಕಲಿಸಿದ್ದರಿಂದ ಬೆಳೆದ ಮನುಷ್ಯ ಅವರು. ಬಾಗಿಲು ಹಾಕೋದು ಬಿಡೋದು ಆಯಾ ಊರಿಗೆ ಬಿಟ್ಟದ್ದು. ಓದುಗರು ಕಾಯುವ ಕಡೆ ಇಬ್ಬಿಬ್ಬರಾಗಿ ಸರದಿ ಮೇಲೆ ಕಳಿಸಿ.

ಮೈಸೂರು: ಮೇಡಂ, ಸರ್ಟಿಫಿಕೇಟ್ ಬಡ್ತಿಗೆ ಬರುತ್ತಾ?

ಮೇಡಂ: ಮೇಲೆ ಹೇಳಿದ್ದೇನೆ.

ಹಾವೇರಿ, ಅನುದಾನಿತ ಕಾಲೇಜು: ಮೇಡಂ, ಒಂದು ದೊಡ್ಡ ಕಷ್ಟ ಬಂದೈತ್ರಿ. ಉದ್ದ ಆಗ್ತದ, ಕ್ಷಮಿಸ್ರಿ. ನಾವು ಕೋಹಾ ಅನ್ನೋ ಗ್ರಂಥಾಲಯ ತಂತ್ರಾಂಶ ಬಳಸ್ತೀವಿ. ನಮ್ಮ ಸಹಾಯಕ ಹೊಸ ಹುಡುಗ, ಗುತ್ತಿಗಿ ಮ್ಯಾಲೆ ಅದಾನ. ಐದು ದಿನದ ಆನ್‌ಲೈನ್ ತರಬೇತಿಗೆ ಹೆಸರು ಕೊಟ್ವಿ. ಬಿಡುವು ಕೊಡಲಿಲ್ಲ, ಕೌಂಟರಿನ್ಯಾಗ ಕುಂತೇ ಕೇಳಿದ. ನಾಲ್ಕನೇ ದಿನ ‘ನೀವೂ ಮಾಡಿ ನೋಡಿ’ ಅಂದಾರ. ಅವ ನಮ್ಮ ಚಾಲ್ತಿ ಕೋಹಾದಾಗೇ ಮಾಡಿ ನೋಡ್ಯಾನ. ಹಲವು ಪುಸ್ತಕದ ದಾಖಲೆ ಒಮ್ಮೆಲೇ ಬದಲಿಸೋ ಬ್ಯಾಚ್ ಐಟಂ ಮಾಡಿಫಿಕೇಷನ್‌ನ್ಯಾಗ ಬಾರ್‌ಕೋಡ್ ಪಟ್ಟಿ ಹಾಕಿ ‘ವಿತ್‌ಡ್ರಾನ್’ ಅಂತ ಕೊಟ್ಟುಬಿಟ್ಟಾನ. ಸಾವಿರಕ್ಕ ಮಿಕ್ಕಿ ಪುಸ್ತಕ ರದ್ದಾಗ್ಯಾವ ಅಂತ ತೋರಸ್ತದ. ಹುಡುಗ್ರು ಪುಸ್ತಕ ಕೈಯಾಗ ಹಿಡಕೊಂಡು ನಿಂತಾರ, ಇಶ್ಯೂ ಆಗವಲ್ದು. ನಷ್ಟ ಯಾಕ ನಿನ್ನ ಸಂಬಳದಾಗ ಹಿಡೀಬಾರದು ಅಂತ ಆಡಳಿತ ಮಂಡಳಿ ಮೆಮೊ ಕೊಟ್ಟೈತಿ. ಮೂರು ದಿನದಾಗ ಉತ್ತರ ಕೊಡಬೇಕು. ಹುಡುಗ ಊಟಾನೇ ಬಿಟ್ಟಾನ್ರಿ. ಬ್ಯಾಕಪ್ ಒಂದು ತಿಂಗಳ ಹಿಂದಿಂದು ಐತಿ, ಅದನ್ನ ಹಾಕಿಬಿಡ್ಲೇನ್ರಿ?

ಮೇಡಂ: ಹಳೆ ಬ್ಯಾಕಪ್ ಹಾಕಬೇಡಿ! ಹಾಕಿದರೆ ಒಂದು ತಿಂಗಳ ಇಶ್ಯೂ, ರಿಟರ್ನ್, ಹೊಸ ನಮೂದು ಎಲ್ಲ ಹೋಗುತ್ತೆ. ಮೊದಲು ಇದನ್ನು ಹೇಳಿ. ಆ ಹುಡುಗ ಯಾವ ಲಾಗಿನ್‌ನಲ್ಲಿ ಕೆಲಸ ಮಾಡ್ತಾನೆ?

ಹಾವೇರಿ, ಅನುದಾನಿತ ಕಾಲೇಜು: ಎಲ್ಲಾರದೂ ಒಂದೇ ಐತ್ರಿ. ಸೂಪರ್ ಲೈಬ್ರೇರಿಯನ್, ಎಲ್ಲಾ ಅಧಿಕಾರ ಇರೋದು.

ಮೇಡಂ: ಹಾಗಾದರೆ ತಪ್ಪು ಅಲ್ಲಿಂದ ಶುರುವಾಗಿದೆ. ಸಮಾಧಾನವಾಗಿ ಕೇಳಿ, ಇದು ಸರಿ ಮಾಡಬಹುದಾದ ಕೆಲಸ.

ಈಗ ಇರುವ ಸ್ಥಿತಿಯದ್ದೇ ಹೊಸ ಬ್ಯಾಕಪ್ ತೆಗೆದು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಆಮೇಲೆ ರಿಪೋರ್ಟ್ಸ್‌ಗೆ ಹೋಗಿ. ಪುಸ್ತಕ ಯಾವತ್ತು ರದ್ದಾಯ್ತು ಅನ್ನೋದನ್ನ ಕೋಹಾ ಐಟಂ ಟೇಬಲ್ಲಿನಲ್ಲಿ ‘ವಿತ್‌ಡ್ರಾನ್ ಆನ್’ ಅನ್ನೋ ಕಾಲಂನಲ್ಲಿ ಬರೆದಿಟ್ಟಿರುತ್ತೆ. ತರಬೇತಿಯ ನಾಲ್ಕನೇ ದಿನದ ತಾರೀಖು ಕೊಟ್ಟು ಆ ಪುಸ್ತಕಗಳ ಬಾರ್‌ಕೋಡ್ ಮಾತ್ರ ತೆಗೆಯಿರಿ. ಹಿಂದೆ ನಿಜವಾಗಿ ರದ್ದು ಮಾಡಿದ ಪುಸ್ತಕಗಳಿಗೆ ಬೇರೆ ತಾರೀಖು ಇರುತ್ತೆ, ಅವು ಈ ಪಟ್ಟಿಗೆ ಬರಲ್ಲ. ಆದರೂ ನಿಮ್ಮ ರದ್ದತಿ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ. ಪಟ್ಟಿಯಿಂದ ಐದೇ ಬಾರ್‌ಕೋಡ್ ತಗೊಂಡು ಅದೇ ಬ್ಯಾಚ್ ಸಾಧನದಲ್ಲಿ ‘ವಿತ್‌ಡ್ರಾನ್’ ಅಳಿಸಿ, ಇಶ್ಯೂ ಮಾಡಿ ನೋಡಿ. ಐದೂ ಸರಿಹೋದರೆ ಉಳಿದದ್ದನ್ನು ನೂರು ನೂರರಂತೆ ಮಾಡಿ. ಸಿಸ್ಟಂ ಪ್ರಿಫರೆನ್ಸಿನಲ್ಲಿ ಕ್ಯಾಟಲಾಗಿಂಗ್ ಲಾಗ್ ಆನ್ ಇದ್ದರೆ ಆ ದಿನ ಬೇರೆ ಏನೇನು ಬದಲಾಗಿದೆ ಅಂತಲೂ ಸಿಗುತ್ತೆ. ಒಬ್ಬರೇ ಕೂರಬೇಡಿ. ಒಬ್ಬರು ಪಟ್ಟಿ ಓದಲಿ, ಇನ್ನೊಬ್ಬರು ಒತ್ತಲಿ. ಆ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಬಟನ್ ಏನು ಮಾಡುತ್ತೆ ಅಂತ ಅವನು ಅಲ್ಲೇ ಕಲಿಯಲಿ.

ಇನ್ನು ಮೆಮೊ. ನಷ್ಟ ಯಾವುದು? ಪುಸ್ತಕ ಎಲ್ಲ ರ‍್ಯಾಕಿನಲ್ಲೇ ಇವೆ. ಕ್ಷಮೆ ಕೇಳುವ ಧಾಟಿ ಬೇಡ, ನಡೆದದ್ದನ್ನು ನಡೆದ ಹಾಗೆ ಬರೆಯಲಿ. ತರಬೇತಿಗೆ ಹೆಸರು ಕೊಟ್ಟಿದ್ದು ಸಂಸ್ಥೆ, ಬಿಡುವು ಕೊಟ್ಟಿರಲಿಲ್ಲ, ಅಭ್ಯಾಸಕ್ಕೆ ಪ್ರತ್ಯೇಕ ಕೋಹಾ ಇರಲಿಲ್ಲ, ಪೂರ್ಣ ಅಧಿಕಾರದ ಲಾಗಿನ್ ಅವನ ಕೈಗೆ ಕೊಟ್ಟಿದ್ದರು, ದಾಖಲೆ ಇಂಥ ತಾರೀಖಿಗೆ ಸರಿಪಡಿಸಲಾಗಿದೆ. ಅದರ ಜೊತೆ ನಿಮ್ಮದೂ ಒಂದು ಪತ್ರ ಹೋಗಬೇಕು. ಗ್ರಂಥಪಾಲಕರು ನೀವು. ಲಾಗಿನ್ ಕೊಟ್ಟವರೂ ನೀವು. ಅವನೊಬ್ಬನನ್ನೇ ಮುಂದೆ ನಿಲ್ಲಿಸಬೇಡಿ.

ಇದು ಮುಗಿದ ಮೇಲೆ ನಿಯಮ ಬರೆಯಿರಿ. ಕೋಹಾದಲ್ಲಿ ಬ್ಯಾಚ್ ಬದಲಾವಣೆಗೆ ಬೇರೆಯೇ ಅನುಮತಿ ಇದೆ. ತರಬೇತಿ ಮುಗಿಸಿ, ನಿಮ್ಮೆದುರು ಮಾಡಿ ತೋರಿಸಿದವರಿಗೆ ಮಾತ್ರ ಅದನ್ನು ಕೊಡಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರಲಿ. ಒಂದು ಹಳೆ ಕಂಪ್ಯೂಟರಿಗೆ ಅಭ್ಯಾಸದ ಕೋಹಾ ಹಾಕಿ. ಕೋಹಾ ಉಚಿತ, ಲೈಸೆನ್ಸಿನ ಮಾತೇ ಇಲ್ಲ. ಆದರೆ ವಿದ್ಯಾರ್ಥಿಗಳ ಹೆಸರು, ಫೋನ್ ನಂಬರ್ ಇರುವ ಡೇಟಾ ಅದಕ್ಕೆ ಹಾಕಬೇಡಿ. ನಾವು ಇನ್ನೂರು ಪುಸ್ತಕ, ಇಪ್ಪತ್ತು ಸುಳ್ಳು ಹೆಸರಿನ ಸದಸ್ಯರು ಅಂತ ಮಾಡಿಕೊಂಡಿದ್ದೆವು. ಅದರಲ್ಲಿ ಎಷ್ಟು ಬೇಕಾದರೂ ಕೆಡಿಸಲಿ. ಕಲಿಯುವವರ ಕೈಗೆ ಕೆಡಿಸಲಿಕ್ಕೆ ಏನಾದರೂ ಕೊಡಲೇಬೇಕು.

ಹಾವೇರಿ, ಅನುದಾನಿತ ಕಾಲೇಜು: ಈಗೇ ಕಾಲೇಜಿಗೆ ಹೊಂಟೀನ್ರಿ ಮೇಡಂ.

ಶಿವಮೊಗ್ಗ: ಮೇಡಂ, ಬಾಂಡ್ ಬಗ್ಗೆ ಕೇಳಿದ್ದೆ.

ರಾಯಚೂರು, ಅರಿವು ಕೇಂದ್ರ: ಮೇಡಂ, ನಾವು ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರು. ತರಬೇತಿ ಎಲ್ಲಾ ನಮ್ಮ ಸ್ವಂತ ಫೋನಿನ್ಯಾಗೇ. ಡೇಟಾ ನಮ್ದು, ಕರೆಂಟು ಹೋದ್ರ ಗೈರುಹಾಜರಿ ನಮ್ದು. ಮುಖದ ಫೋಟೊ ಲೊಕೇಶನ್ ಹಾಕಿ ಕಳಸ್ರಿ ಅಂತಾರ. ಇದಕ್ಕ ಏನು ನಿಯಮ?

ಬೆಂಗಳೂರು: ಇದು ವೃತ್ತಿಪರ ಗ್ರಂಥಪಾಲಕರ ಗುಂಪು. ಎಂಲಿಬ್ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮಾಡದವರ ಸಮಸ್ಯೆಗೆ ಪಂಚಾಯ್ತಿ ಇದೆ, ಅಲ್ಲಿ ಕೇಳಲಿ.

ರಾಯಚೂರು, ಅರಿವು ಕೇಂದ್ರ: ಸಾಹೇಬ್ರ, ಊರಾಗ ಮಕ್ಕಳಿಗೆ ಪುಸ್ತಕ ಕೊಡೋರು ನಾವು. ಕಸ ಹೊಡಿಯೋರೂ ನಾವ.

ಕೋಲಾರ, ಸಾರ್ವಜನಿಕ ಗ್ರಂಥಾಲಯ: ಬೆಂಗಳೂರು ಸರ್, ಆ ಮಾತು ವಾಪಸ್ ತಗೊಳ್ಳಿ. 2019ರಲ್ಲಿ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋಗೋವರೆಗೂ ಅವರು ನಮ್ಮ ಇಲಾಖೆಯವರೇ ಆಗಿದ್ದರು.

ಬೆಂಗಳೂರು: ಅರ್ಹತೆ ಬಗ್ಗೆ ಮಾತಾಡಿದರೆ ಯಾಕಿಷ್ಟು ಸಿಟ್ಟು? ಓದಿದವರಿಗೆ ಬೆಲೆ ಬೇಡ್ವಾ?

ಮಂಗಳೂರು: ಓದಿದವರಿಗೆ ಮಾತಾಡ್ಲಿಕ್ಕೂ ಬರಬೇಕಲ್ಲ.

ಅಡ್ಮಿನ್: ಎಲ್ಲರೂ ಶಾಂತವಾಗಿರಿ. ವಿಷಯಕ್ಕೆ ಬನ್ನಿ.

ಮೇಡಂ: ರಾಯಚೂರಿನವರೇ, ನಿಮ್ಮ ಪ್ರಶ್ನೆ ಈ ಗುಂಪಿಗೆ ಸೇರಿದ್ದೇ. ಸ್ವಂತ ಫೋನ್ ಕಡ್ಡಾಯ ಮಾಡಿದರೆ ಡೇಟಾ ಖರ್ಚು ಕೊಡಬೇಕು. ಇಲ್ಲದಿದ್ದರೆ ಕೇಂದ್ರದ ಕಂಪ್ಯೂಟರಿನಲ್ಲೇ ನೋಡಲು ಬಿಡಬೇಕು. ಕರೆಂಟ್ ಹೋದವರಿಗೆ ರೆಕಾರ್ಡಿಂಗ್ ಕೊಡಬೇಕು, ರೆಕಾರ್ಡಿಂಗ್ ನೋಡಿದ್ದೂ ಹಾಜರಿಯೇ. ಹಾಜರಾತಿಗೆ ಎರಡು ಪ್ರಶ್ನೆ ಕೇಳಿದರೆ ಸಾಕು, ಮುಖದ ಫೋಟೊ ಯಾಕೆ? ಆ ಫೋಟೊ ಯಾರ ಹತ್ತಿರ ಇರುತ್ತೆ, ಎಷ್ಟು ದಿನ ಇಡ್ತಾರೆ ಅಂತ ಬರಹದಲ್ಲಿ ಕೇಳಿ. ನಾಲ್ಕೈದು ಜನ ಸೇರಿ ಸಹಿ ಹಾಕಿ ಕೊಡಿ.

ಬೆಂಗಳೂರಿನವರಿಗೆ: ನಾನು ಎಂಲಿಬ್ ಓದಿದ್ದೇನೆ. ರ‍್ಯಾಕ್ ಜೋಡಿಸೋದು ಕಲಿಸಿದ್ದು ಏಳನೇ ಕ್ಲಾಸ್ ಓದಿದ ಒಬ್ಬ ಅಟೆಂಡರು.

ಉಡುಪಿ: ಮೇಡಂ, ನಮ್ಮಲ್ಲೊಬ್ಬರು ಹೆರಿಗೆ ರಜೆಯಲ್ಲಿದ್ದಾರೆ. ಮನೆಯಲ್ಲೇ ಇದ್ದೀರಲ್ಲ, ಕೋರ್ಸ್ ಮುಗಿಸಿಬಿಡಿ ಅಂತ ಮೆಸೇಜ್ ಹೋಗಿದೆ. ಮಗುವಿಗೆ ಇಪ್ಪತ್ತು ದಿನ.

ಮೇಡಂ: ಆ ಮೆಸೇಜ್ ವಾಪಸ್ ತೆಗೆಸಿ. ಹೆರಿಗೆಯಾದ ಆರು ವಾರದೊಳಗೆ ಕೆಲಸ ಮಾಡಿಸುವ ಹಾಗಿಲ್ಲ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೇ ನಿಯಮ ಇದೆ. ಕೆಲಸಕ್ಕೆ ಮರಳಿದ ಮೇಲೆ ಹೊಸ ಗಡುವು ಕೊಡಿ.

ಗದಗ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. 📌 ಫಾರ್ವರ್ಡ್: ‘ಈ ಆ್ಯಪ್ ಹಾಕಿಕೊಂಡರೆ ತರಬೇತಿ ವಿಡಿಯೊ ತಾನೇ ಓಡಿ ಮುಗಿಯುತ್ತೆ, ಕ್ವಿಜ್ ಉತ್ತರವೂ ತಾನೇ ತುಂಬುತ್ತೆ. ಕೇವಲ ₹499.’ ಆ್ಯಪ್ ಹಾಕಿಕೊಳ್ಳುವ ಎಪಿಕೆ ಫೈಲ್ ಕೆಳಗಿದೆ.

ಮೇಡಂ: ಯಾರೂ ಅದನ್ನು ಒತ್ತಬೇಡಿ! ಅಡ್ಮಿನ್, ತಕ್ಷಣ ತೆಗೆಯಿರಿ. ಗುರುತಿಲ್ಲದ ಎಪಿಕೆ ಹಾಕಿಕೊಂಡರೆ ನಿಮ್ಮ ಎಸ್ಎಂಎಸ್ ಓದುವ ಅನುಮತಿ ಕೇಳುತ್ತೆ, ಒಟಿಪಿ ಅವರ ಕೈಗೆ ಹೋಗುತ್ತೆ, ಬ್ಯಾಂಕ್ ಖಾತೆ ಖಾಲಿಯಾಗುತ್ತೆ. ಈಗಾಗಲೇ ಹಾಕಿಕೊಂಡವರು ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡ ಮಾಡಬೇಡಿ. ಗದಗದವರೇ, ಇದು ಎರಡನೇ ಸಲ. ಹಾವೇರಿಯ ಹುಡುಗನ ಕಥೆ ಈಗ ತಾನೇ ಓದಿದ್ದೀರಿ. ಕೌಂಟರಿನ ಗದ್ದಲದಲ್ಲಿ ಅರ್ಧ ಪಾಠ ಕೇಳಿದ್ದಕ್ಕೇ ಅಷ್ಟಾಯ್ತು. ಒಂದಕ್ಷರವೂ ನೋಡದೆ ಸರ್ಟಿಫಿಕೇಟ್ ತಂದವರ ಕೈಗೆ ನಾಳೆ ಯಾವ ಗ್ರಂಥಾಲಯ ಕೊಡ್ತೀರಿ?

ಗದಗ: ಒಳ್ಳೇದಕ್ಕೇ ಹಾಕಿದ್ದು. ಹೀಗೆಲ್ಲಾ ಎಲ್ಲರೆದುರು ಹೇಳೋದು ಸರಿಯಲ್ಲ ಮೇಡಂ.

ಕೋಲಾರ, ಸಾರ್ವಜನಿಕ ಗ್ರಂಥಾಲಯ: ಎಲ್ಲರೆದುರು ಹಾಕಿದ್ದಕ್ಕೆ ಎಲ್ಲರೆದುರೇ ಹೇಳಬೇಕಾಯ್ತು.

ಅಡ್ಮಿನ್: ಫೈಲ್ ತೆಗೆದಿದ್ದೇನೆ. ಗದಗದವರಿಗೆ ಇದು ಕೊನೆಯ ಎಚ್ಚರಿಕೆ.

ತುಮಕೂರು: ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್ಲಿನ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಬೇಕಾ ಮೇಡಂ?

ಮೇಡಂ: ಕಲಿಯಲು ಉಚಿತ. ಸರ್ಟಿಫಿಕೇಟ್ ಬೇಕಿದ್ದರೆ ಪರೀಕ್ಷಾ ಶುಲ್ಕ. ಸಂಸ್ಥೆ ಕಳಿಸಿದ್ದರೆ ಅದನ್ನು ಸಂಸ್ಥೆ ಕಟ್ಟಲಿ.

ಚಿತ್ರದುರ್ಗ: ಮೇಡಂ, ವೆಬಿನಾರ್ ಸರ್ಟಿಫಿಕೇಟ್ ಬಡ್ತಿಗೆ…

ಮೇಡಂ: ಮೇಲೆ ಓದಿ.

ಬೆಂಗಳೂರು: ಹೊಸಬರು ಕೇಳಿದರೆ ಹೀಗೆ ಉತ್ತರ ಕೊಡೋದಾ?

ಚಿತ್ರದುರ್ಗ: ಬಿಡಿ ಸರ್, ಮೇಲೆ ಸಿಕ್ಕಿತು.

ಶಿವಮೊಗ್ಗ: ಬಾಂಡ್ ಮೇಡಂ. ನಾಳೆ ಸಹಿ ಹಾಕಬೇಕು.

ಹಾವೇರಿ, ಅನುದಾನಿತ ಕಾಲೇಜು: ಮೇಡಂ, ಕಾಲೇಜಿನ್ಯಾಗ ಅದೀನಿ. ಬ್ಯಾಕಪ್ ತಗದ್ವಿ. ನೀವು ಹೇಳಿದ ಕಾಲಂ ಸಿಕ್ಕಿತು. ಆ ತಾರೀಖಿಗೆ 1,163 ಬಾರ್‌ಕೋಡ್ ಬಂದಾವ. ರದ್ದತಿ ರಿಜಿಸ್ಟರಿನಾಗಿನ ಒಂದೂ ಅದರಾಗ ಇಲ್ಲ. ಐದು ಮಾಡಿ ನೋಡಿದ್ವಿ, ಇಶ್ಯೂ ಆತು. ಹುಡುಗ ಪಕ್ಕದಾಗ ಕುಂತಾನ, ಈಗ ಅವನೇ ಪಟ್ಟಿ ಓದಾಕತ್ಯಾನ.

ಮೇಡಂ: ಒಳ್ಳೇದಾಯ್ತು. ನೂರು ನೂರರಂತೇ ಮಾಡಿ, ಅವಸರ ಬೇಡ. ಮೊದಲು ಅವನಿಗೆ ಊಟ ಹಾಕಿಸಿ. ಮೆಮೊ ಉತ್ತರ ಕಳಿಸೋ ಮುಂಚೆ ನನಗೆ ತೋರಿಸಿ, ನಿಮ್ಮ ಪತ್ರವನ್ನೂ.